ನೇರ ಆಯ್ಕೆಯ ಮುಖ್ಯಸ್ಥರು, ಸದಸ್ಯರ ಬಹುಮತ: ಜತ್ತ ತಾಲೂಕಿನ ಪಾಲಕರು ಅರಿಯಬೇಕಾದುದು

ಜತ್ತ ನಗರ ಪರಿಷತ್ತಿನ ಚುನಾವಣೆಯಲ್ಲಿ ಮತದಾರರು ನಗರಾಧ್ಯಕ್ಷರನ್ನೂ ತಮ್ಮ ಪ್ರಭಾಗದ ನಗರಸೇವಕರನ್ನೂ ಪ್ರತ್ಯೇಕ ಮತಗಳಿಂದ ಆರಿಸುತ್ತಾರೆ. ಹಳ್ಳಿಗಳಲ್ಲಿ ಸರಪಂಚರ ಆಯ್ಕೆಯೂ ಹೀಗೆಯೇ ನೇರವಾದುದು. ಆದ್ದರಿಂದ ಮುಖ್ಯಸ್ಥರು ಒಂದು ಪಕ್ಷದವರು, ಸಭೆಯ ಬಹುಮತ ಮತ್ತೊಂದು ಪಕ್ಷದ್ದು ಎಂಬ ಸ್ಥಿತಿ ಉಂಟಾಗಬಹುದು.

ಗಡಿಯಾಚೆಯ ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಕ್ರಮ ಬೇರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮತ್ತು ಪುರಸಭೆಗಳ ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ. ಸಂವಿಧಾನದ 243-ಸಿ ಹಾಗೂ 243-ಆರ್ ವಿಧಿಗಳು ಈ ವಿಷಯವನ್ನು ರಾಜ್ಯಗಳ ಶಾಸನಕ್ಕೆ ಬಿಟ್ಟಿವೆ. ಮಹಾರಾಷ್ಟ್ರವು ನಗರಾಧ್ಯಕ್ಷರ ನೇರ ಆಯ್ಕೆಯನ್ನು 2016ರಲ್ಲಿ, ಸರಪಂಚರ ನೇರ ಆಯ್ಕೆಯನ್ನು 2017ರಲ್ಲಿ ಜಾರಿಗೆ ತಂದಿತು. ಮಹಾ ವಿಕಾಸ ಆಘಾಡಿ ಸರ್ಕಾರ ಅವೆರಡನ್ನೂ ರದ್ದುಪಡಿಸಿತು. 2022ರಲ್ಲಿ ಅವು ಮರಳಿ ಬಂದವು.

ನಗರ ಪರಿಷತ್ತು 1965ರ ಅಧಿನಿಯಮದಂತೆ ನಡೆಯುತ್ತದೆ. ನಗರಾಧ್ಯಕ್ಷರು ಸಭೆ ಕರೆದು ಅಧ್ಯಕ್ಷತೆ ವಹಿಸುತ್ತಾರೆ; ಮತಗಳು ಸಮನಾದಾಗ ನಿರ್ಣಾಯಕ ಮತ ಅವರದು. ಆದರೆ ಅಂದಾಜುಪತ್ರಕ್ಕೆ ಮಂಜೂರಾತಿ ನೀಡುವುದು ಸಭೆ. ಠರಾವನ್ನು ಕಾರ್ಯರೂಪಕ್ಕೆ ತರುವವರು ರಾಜ್ಯ ಸರ್ಕಾರ ನೇಮಿಸಿದ ಮುಖ್ಯಾಧಿಕಾರಿ. ಹೀಗಾಗಿ ಮೂವರಲ್ಲಿ ಒಬ್ಬರ ಭರವಸೆಯಷ್ಟರಿಂದಲೇ ಕೆಲಸವಾಗದು.

ಕನ್ನಡ ಶಾಲೆಗಳ ಪಾಲಕರಿಗೆ ಈ ಹಂಚಿಕೆಯ ತಿಳಿವಳಿಕೆ ಅಗತ್ಯ. ತಾಲೂಕಿನ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ಸಾಂಗ್ಲಿ ಜಿಲ್ಲಾ ಪರಿಷತ್ತಿನವು. ಕನ್ನಡ ಶಿಕ್ಷಕರ ಕೊರತೆಯನ್ನು ನೀಗಿಸುವ ಅಧಿಕಾರ ಸರಪಂಚರಿಗಾಗಲಿ ನಗರಾಧ್ಯಕ್ಷರಿಗಾಗಲಿ ಇಲ್ಲ. ಆ ಮನವಿ ಜಿಲ್ಲಾ ಪರಿಷತ್ತಿನ ಶಿಕ್ಷಣ ವಿಭಾಗಕ್ಕೆ ಹೋಗಬೇಕು. ಶಾಲೆಗೆ ಹೋಗುವ ರಸ್ತೆ, ಕುಡಿಯುವ ನೀರು, ಚರಂಡಿ, ಬೀದಿದೀಪಗಳ ವಿಷಯ ಸ್ಥಳೀಯ ಸಂಸ್ಥೆಯದು.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರರಷ್ಟು ಸದಸ್ಯರು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಈ ಸಮಿತಿಯ ಕರ್ತವ್ಯ. ಶಾಲೆಯ ಅಗತ್ಯಗಳನ್ನು ಅದರಲ್ಲಿ ಬರೆಯಿಸಿ, ಹಳ್ಳಿಯಲ್ಲಾದರೆ ಗ್ರಾಮಸಭೆಯ ಮುಂದಿಟ್ಟು, ಇತಿವೃತ್ತದಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಪಟ್ಟಣದಲ್ಲಿ ಮನವಿಯನ್ನು ನಗರಾಧ್ಯಕ್ಷರಿಗೂ ಪ್ರಭಾಗದ ನಗರಸೇವಕರಿಗೂ ಕೊಟ್ಟು, ಪ್ರತಿಯೊಂದನ್ನು ಮುಖ್ಯಾಧಿಕಾರಿಗಳ ಕಚೇರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯುವುದು ಒಳಿತು. ಮುಖ್ಯಸ್ಥರಿಗೂ ಬಹುಮತಕ್ಕೂ ಹೊಂದಾಣಿಕೆ ಇಲ್ಲದಾಗ ಬಾಯಿಮಾತಿನ ಆಶ್ವಾಸನೆ ನಿಲ್ಲದು. ಬರಹದಲ್ಲಿರುವ ಬೇಡಿಕೆಯನ್ನು ಮುಂದಿನ ಸಭೆಯಲ್ಲೂ ಎತ್ತಬಹುದು.