ದುಡಿಮೆಯ ಹಾಡುಗಳು

ದುಡಿಮೆಯ ಹಾಡುಗಳು ಎಂದರೆ ಕೈಕೆಲಸದಲ್ಲಿ ತೊಡಗಿರುವಾಗ ಆ ಕೆಲಸದ ಲಯಕ್ಕೆ ಹೊಂದಿಸಿ ಜನಪದರು ಹಾಡುತ್ತ ಬಂದಿರುವ ಪದಗಳು. ಬೀಸುವ ಪದ, ಕುಟ್ಟುವ ಪದ, ನಾಟಿ ಪದ ಮತ್ತು ಹಂತಿ ಪದ ಕನ್ನಡ ನಾಡಿನಲ್ಲಿ ಪ್ರಸಿದ್ಧವಾದ ಪ್ರಕಾರಗಳು. ಇವುಗಳಿಗೆ ಕರ್ತೃವಿನ ಹೆಸರಿಲ್ಲ. ಬಾಯಿಂದ ಬಾಯಿಗೆ ಹರಿದು ಉಳಿದುಬಂದಿವೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ದಲಿತರ ಹಾಗೂ ದುಡಿಯುವ ವರ್ಗದವರ ಚಳವಳಿಗಳಲ್ಲಿ ಹುಟ್ಟಿದ ಹೋರಾಟದ ಹಾಡುಗಳು ಈ ಪರಂಪರೆಯ ಹಾಡುವ ಕ್ರಮವನ್ನು ಬೇರೊಂದು ಉದ್ದೇಶಕ್ಕೆ ಬಳಸಿಕೊಂಡವು.

ಕೆಲಸ ಮತ್ತು ಲಯ

ದಣಿವನ್ನು ಮರೆಸುವುದು ಈ ಹಾಡುಗಳ ಒಂದು ಪ್ರಯೋಜನ. ಹಲವರ ಕೈಗಳನ್ನು ಒಂದೇ ವೇಗಕ್ಕೆ ತರುವುದು ಮತ್ತೊಂದು. ಭಾರವಾದ ಕಲ್ಲನ್ನೋ ಮರದ ದಿಮ್ಮಿಯನ್ನೋ ಎಳೆಯುವಾಗ ಒಬ್ಬನು ಸೊಲ್ಲು ಹೇಳುತ್ತಾನೆ. ಉಳಿದವರು ‘ಐಸಾ’ ಎಂದು ದನಿಗೂಡಿಸಿ ಅದೇ ಕ್ಷಣದಲ್ಲಿ ಬಲ ಹಾಕುತ್ತಾರೆ. ಕೂಗು ತಪ್ಪಿದರೆ ಭಾರ ಒಬ್ಬಿಬ್ಬರ ಮೇಲೆ ಬೀಳುತ್ತದೆ. ಆದುದರಿಂದ ಹಾಡು ಇಲ್ಲಿ ಕೆಲಸದ ಒಂದು ಭಾಗವೇ ಆಗಿದೆ.

ಪ್ರಕಾರಗಳು

ಬೀಸುವ ಪದ: ನಸುಕಿನಲ್ಲಿ ಎದ್ದು ರಾಗಿ, ಜೋಳಗಳನ್ನು ಬೀಸುವಾಗ ಹೆಂಗಸರು ಹಾಡುವ ಪದ. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಕಲ್ಲನ್ನು ತಿರುಗಿಸುವಾಗ ಒಬ್ಬಳು ಸೊಲ್ಲೆತ್ತಿದರೆ ಇನ್ನೊಬ್ಬಳು ಅದಕ್ಕೆ ದನಿಗೂಡಿಸುತ್ತಾಳೆ.

ಕುಟ್ಟುವ ಪದ: ಒನಕೆಯ ಏರಿಳಿತಕ್ಕೆ ಹೊಂದಿಕೊಂಡ ಹಾಡು. ‘ಸುವ್ವಿ’ ಎಂಬ ಪಲ್ಲವಿ ಇದರ ಗುರುತು.

ನಾಟಿ ಪದ: ಭತ್ತದ ಸಸಿ ನೆಡುವಾಗ ಸಾಲಾಗಿ ಬಗ್ಗಿ ನಿಂತ ಹೆಂಗಸರು ಹಾಡುವಂಥದು. ತುಳುನಾಡಿನಲ್ಲಿ ಈ ಸಂದರ್ಭದ ಹಾಡುಗಳನ್ನು ಕಬಿತ ಎಂದು ಕರೆಯುತ್ತಾರೆ. ‘ಓಬೇಲೆ’ ಅವುಗಳಲ್ಲಿ ಪ್ರಸಿದ್ಧವಾದುದು.

ಹಂತಿ ಪದ: ಉತ್ತರ ಕರ್ನಾಟಕದಲ್ಲಿ ಸುಗ್ಗಿಯ ಕಾಲಕ್ಕೆ ಕಣದ ನಡುವಿನ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುವಾಗ ಗಂಡಸರು ಹಾಡುವ ಪದ. ರಾತ್ರಿಯ ಹೊತ್ತು ನಿದ್ದೆ ಹತ್ತದಂತೆ ದೇವರ, ಶರಣರ, ವೀರರ ಕಥೆಗಳನ್ನು ದೀರ್ಘವಾಗಿ ಹಾಡಲಾಗುತ್ತಿತ್ತು.

ಛಂದಸ್ಸು

ಬೀಸುವ ಪದ ಹಾಗೂ ಹಂತಿ ಪದಗಳಲ್ಲಿ ಹೆಚ್ಚಿನವು ತ್ರಿಪದಿಯಲ್ಲಿವೆ. ಮೂರು ಸಾಲು, ಹನ್ನೊಂದು ಗಣಗಳ ಈ ಅಂಶಛಂದಸ್ಸಿನಲ್ಲಿ 6 ಮತ್ತು 10ನೆಯ ಗಣಗಳು ಬ್ರಹ್ಮಗಣಗಳು, ಉಳಿದವು ವಿಷ್ಣುಗಣಗಳು. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹೇಳಿ ಮೂರನೆಯ ಸಾಲಿಗೆ ಸೇರುವುದರಿಂದ ತ್ರಿಪದಿಯು ನಾಲ್ಕು ಸಾಲಿನಂತೆ ಕೇಳಿಸುತ್ತದೆ. ಕ್ರಿ.ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಈ ಛಂದಸ್ಸು ಕಾಣಸಿಗುತ್ತದೆ. ಸರ್ವಜ್ಞನ ವಚನಗಳೂ ಇದರಲ್ಲಿಯೇ ಇವೆ. ಬಂಡೆಯ ಮೇಲೆ ಕೊರೆಯಲಾದ ಆ ಮಟ್ಟನ್ನು ಅಕ್ಷರವರಿಯದ ಹೆಂಗಸರೂ ಬೀಸುವ ಕಲ್ಲಿನ ಮುಂದೆ ಕಾಪಾಡಿಕೊಂಡು ಬಂದರು.

ವಸ್ತು

ಕೆಲಸದ ಸಾಧನವನ್ನು ದೇವರೆಂದು ನೆನೆಯುವುದು, ತವರಿನ ಹಂಬಲ, ಅಣ್ಣತಮ್ಮಂದಿರ ಪ್ರೀತಿ, ಮಕ್ಕಳ ಆಟಪಾಟ, ಬಡತನ, ಮಳೆಯ ನಿರೀಕ್ಷೆ ಇವು ಮತ್ತೆ ಮತ್ತೆ ಬರುವ ವಸ್ತುಗಳು. ಅತ್ತೆಮನೆಯ ದುಡಿತ ಹಾಗೂ ಬಂಜೆತನದ ನಿಂದೆಯಂಥ ನೋವುಗಳಿಗೂ ಇಲ್ಲಿ ಎಡೆ ದೊರೆತಿದೆ. ಎದುರಿಗೆ ಆಡಲಾಗದ ಮಾತನ್ನು ಸೊಸೆಯಾದವಳು ಕಲ್ಲಿಗೆ ಹೇಳಿಕೊಳ್ಳುತ್ತಾಳೆ. ದೂರು ಇದೆ, ಆದರೆ ಅದು ಮನೆಯ ಹೊಸ್ತಿಲು ದಾಟುವುದು ಅಪರೂಪ.

ಸಂಗ್ರಹ

ವಿಜಯಪುರ ಜಿಲ್ಲೆಯ ಹಲಸಂಗಿ ಗ್ರಾಮದ ಗೆಳೆಯರ ಬಳಗವು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಈ ಕ್ಷೇತ್ರದ ಪ್ರಮುಖ ಸಂಕಲನ. ಮಧುರಚೆನ್ನ ಮತ್ತು ಸಿಂಪಿ ಲಿಂಗಣ್ಣ ಈ ಬಳಗದ ಪ್ರಮುಖರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಹಳ್ಳಿಯ ಹಾಡುಗಳು’ ಹಾಗೂ ಮತಿಘಟ್ಟ ಕೃಷ್ಣಮೂರ್ತಿಯವರ ‘ಕನ್ನಡ ಜನಪದ ಸಾಹಿತ್ಯ ಭಂಡಾರ’ ಇತರ ಮಹತ್ವದ ಸಂಗ್ರಹಗಳು. ‘ಗರತಿ’ ಎಂಬ ಹೆಸರೇ ಸೂಚಿಸುವಂತೆ, ಆ ಸಂಕಲನದ ಗಮನ ಕುಟುಂಬಸ್ಥ ಹೆಣ್ಣಿನ ಬಾಳಿನ ಮೇಲಿತ್ತು. ಮತ್ತೊಬ್ಬರ ಹೊಲದಲ್ಲಿ ಕೂಲಿಗೆ ದುಡಿದವರ ದನಿಯನ್ನು ಅರಿಯಲು ಒಂದು ಸಂಕಲನವಷ್ಟೇ ಸಾಲದು. ನಾಟಿ ಪದ, ಹಂತಿ ಪದಗಳನ್ನೂ ಜೊತೆಗಿರಿಸಿ ಓದಬೇಕಾಗುತ್ತದೆ.

ಚಳವಳಿಯ ಹಾಡುಗಳು

1970ರ ದಶಕದಲ್ಲಿ ಈ ದನಿ ಬಹಿರಂಗವಾಗಿ ಕೇಳಿಬಂದಿತು. ಜೀತಪದ್ಧತಿಯನ್ನು ರದ್ದುಪಡಿಸುವ ಕೇಂದ್ರ ಶಾಸನ ಅಂಗೀಕಾರವಾದುದು 1976ರಲ್ಲಿ. ಅದೇ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಯ ಮೆರವಣಿಗೆ ಮತ್ತು ಸಭೆಗಳಲ್ಲಿ ಕವಿ ಸಿದ್ದಲಿಂಗಯ್ಯನವರ (1954–2021) ರಚನೆಗಳು ಹಾಡಾಗಿ ಹರಡಿದವು. ಅವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆರಂಭವಾದ ‘ಸಮುದಾಯ’ ರಂಗತಂಡವು ಬೀದಿನಾಟಕಗಳೊಂದಿಗೆ ಹಾಡುಗಳನ್ನೂ ಜನರ ಬಳಿಗೆ ಒಯ್ದಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಆರಂಭವಾಯಿತು.

ಸರಳ ಮಟ್ಟು, ಪುನರಾವರ್ತಿಸುವ ಪಲ್ಲವಿ, ಒಬ್ಬರು ಹೇಳಿಕೊಟ್ಟು ಎಲ್ಲರೂ ದನಿಗೂಡಿಸುವ ರೀತಿ ಇವು ಎರಡೂ ಬಗೆಯ ಹಾಡುಗಳಿಗೆ ಸಮಾನ. ವ್ಯತ್ಯಾಸವೂ ಸ್ಪಷ್ಟವಾಗಿದೆ. ದುಡಿಮೆಯ ಹಾಡಿನ ಲಯ ಕೆಲಸದಿಂದ ಬಂದರೆ, ಚಳವಳಿಯ ಹಾಡಿನ ಲಯ ನಡಿಗೆ ಮತ್ತು ತಮಟೆಯಿಂದ ಬರುತ್ತದೆ. ಮೊದಲನೆಯದು ಹೊರೆಯನ್ನು ಹಗುರಗೊಳಿಸುತ್ತದೆ. ಎರಡನೆಯದು ಆ ಹೊರೆ ಯಾರದೆಂದು ಕೇಳುತ್ತದೆ. ಚಳವಳಿಯ ಹಾಡಿಗೆ ಕವಿಯ ಹೆಸರಿದ್ದರೂ, ಹಾಡುವವರಲ್ಲಿ ಹಲವರಿಗೆ ಆ ಹೆಸರು ತಿಳಿಯದಿರುವಷ್ಟರ ಮಟ್ಟಿಗೆ ಅದು ಜನಪದವಾಗುವುದುಂಟು.

ಇಂದಿನ ಸ್ಥಿತಿ

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅಕ್ಕಿ ಗಿರಣಿಯು ಒನಕೆಯನ್ನೂ, ಒಕ್ಕಣೆ ಯಂತ್ರವು ಹಂತಿಯನ್ನೂ ಹಿಂದಕ್ಕೆ ಸರಿಸಿದವು. ಹೆಂಗಸರ ಬೆನ್ನು ಮುರಿಯುತ್ತಿದ್ದ ದುಡಿತ ತಗ್ಗಿದುದು ಲಾಭವೇ ಸರಿ. ಆದರೆ ಕೆಲಸದೊಡನೆ ಹೆಣೆದುಕೊಂಡಿದ್ದ ಹಾಡಿಗೆ ನೆಲೆ ತಪ್ಪಿತು. ಈಗ ಈ ಪದಗಳು ಹೆಚ್ಚಾಗಿ ವೇದಿಕೆ, ಧ್ವನಿಮುದ್ರಣ ಹಾಗೂ ಪಠ್ಯಪುಸ್ತಕಗಳಲ್ಲಿ ಉಳಿದಿವೆ. ಕಲ್ಲಿನ ಸದ್ದಿನೊಡನೆ ಇವನ್ನು ಹಾಡಿ ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಪದದ ಸಾಹಿತ್ಯವನ್ನಷ್ಟೇ ಬರೆದಿಟ್ಟುಕೊಳ್ಳದೆ, ಯಾವ ಕೆಲಸಕ್ಕೆ, ಯಾವ ಹೊತ್ತಿನಲ್ಲಿ, ಯಾವ ಮಟ್ಟಿನಲ್ಲಿ ಹಾಡುತ್ತಿದ್ದರು ಎಂಬುದನ್ನೂ ದಾಖಲಿಸುವುದು ಅಗತ್ಯವಾಗಿದೆ.