ಹಳೆಯ ಆಯುಧಗಳ ಹವ್ಯಾಸ

ಯುದ್ಧವನ್ನು ನೆನಪಿನಲ್ಲಿಟ್ಟುಕೊಳ್ಳಲು ಮನುಷ್ಯನು ಹಲವು ದಾರಿಗಳನ್ನು ಕಂಡುಕೊಂಡಿದ್ದಾನೆ. ನಮ್ಮ ನಾಡಿನ ಹಿರಿಯರು ಕಲ್ಲು ನೆಟ್ಟರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಬೇಗೂರಿನ ವೀರಗಲ್ಲು ಇದಕ್ಕೊಂದು ನಿದರ್ಶನ. ಗಂಗರ ಕಾಲದ ಆ ಶಿಲೆಯ ಮೇಲೆ ಕಾಳಗವೊಂದು ನಡೆದೇ ಇದೆ. ಮಡಿದ ವೀರನು ನಾಗತ್ತರನೆಂದು ಅದರ ಬರಹ ಹೇಳುತ್ತದೆ. ಅವನು ಹಿಡಿದ ಕತ್ತಿ ಮಣ್ಣಾಗಿ ಎಷ್ಟು ಕಾಲವಾಯಿತೋ. ಹೆಸರು ಮಾತ್ರ ಉಳಿದಿದೆ. ಹಳೆಯ ಆಯುಧಗಳನ್ನು ಕೂಡಿಸುವ ಹವ್ಯಾಸಿಯ ಮನೆಯಲ್ಲಿ ಇದಕ್ಕೆ ವಿಪರೀತವಾದ ನೋಟವುಂಟು. ಅಲ್ಲಿ ಗೋಡೆಯ ಮೇಲೆ ಕತ್ತಿ ಹೊಳೆಯುತ್ತದೆ, ಶಿರಸ್ತ್ರಾಣ ತೂಗುತ್ತದೆ. ಅದನ್ನು ಹಿಡಿದವನ, ತೊಟ್ಟವನ ಹೆಸರು ಮಾತ್ರ ಯಾರಿಗೂ ತಿಳಿಯದು. ವೀರಗಲ್ಲಿನಲ್ಲಿ ಆಳು ಉಳಿದ, ಆಯುಧ ಹೋಯಿತು. ಇಲ್ಲಿ ಆಯುಧ ಉಳಿಯಿತು, ಆಳು ಹೋದ. ಹೀಗೆ ಆಳನ್ನು ಕಳೆದುಕೊಂಡ ಆಯುಧವು ಚರಿತ್ರೆಗೆ ಸಾಕ್ಷಿಯಾಗಬಲ್ಲುದೆ? ಈ ಹವ್ಯಾಸದ ಚರಿತ್ರೆಯನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕಾಗಿದೆ.

ಆಯುಧಗಳನ್ನು ಪ್ರದರ್ಶನಕ್ಕಿಡುವುದು ಮೊದಲು ಅರಸರ ಕೆಲಸವಾಗಿತ್ತು. ಲಂಡನ್ನಿನ ಗೋಪುರದುರ್ಗದಲ್ಲಿ 17ನೆಯ ಶತಮಾನದ ಉತ್ತರಾರ್ಧದಿಂದ 'ಅರಸರ ಸಾಲು' ಎಂಬ ಪ್ರದರ್ಶನವಿತ್ತು. ಮರದ ಕುದುರೆಗಳ ಮೇಲೆ ಇಂಗ್ಲೆಂಡಿನ ರಾಜರ ಬೊಂಬೆಗಳನ್ನು ಕುಳ್ಳಿರಿಸಿ, ಒಬ್ಬೊಬ್ಬರಿಗೆ ಒಂದೊಂದು ಉಕ್ಕಿನ ಕವಚವನ್ನು ತೊಡಿಸಿದ್ದರು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಗೂ ಅವನು ಸತ್ತು ಎಷ್ಟೋ ಶತಮಾನಗಳ ಮೇಲೆ ಬಳಕೆಗೆ ಬಂದ ತಗಡಿನ ಕವಚವನ್ನೇ ತೊಡಿಸಲಾಗಿತ್ತು. ಅವನ ಕಾಲದ ಯೋಧರು ತೊಡುತ್ತಿದ್ದುದು ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಅಂಗಿಯನ್ನು. ಕವಚವೇನೋ ಅಸಲಿಯೇ, ಆದರೆ ಅದರ ಬಗ್ಗೆ ಹೇಳಿದ ಮಾತು ಸುಳ್ಳು. ಈ ಭೇದವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಇಂಥ ಅಜ್ಞಾನವನ್ನು ತಿದ್ದಲು ಹೊರಟವನು ಸಾಮ್ಯುಯೆಲ್ ರಶ್ ಮೆಯ್ರಿಕ್ ಎಂಬ ನ್ಯಾಯವಾದಿ. 1783ರಲ್ಲಿ ಹುಟ್ಟಿದ ಈತನಿಗೆ ಆಯುಧ ಸಂಗ್ರಹವು ಹವ್ಯಾಸವೂ ಹೌದು, ವ್ಯಾಸಂಗವೂ ಹೌದು. ಚಿತ್ರ, ಗೋರಿಗಳ ಮೇಲಿನ ಶಿಲ್ಪ, ಹಳೆಯ ಬರಹ ಇವುಗಳೊಡನೆ ಒಂದೊಂದು ಕವಚವನ್ನೂ ಹೋಲಿಸಿ ಅದರ ಕಾಲವನ್ನು ಗೊತ್ತುಮಾಡುವ ಕ್ರಮವನ್ನು ಅವನು ಬೆಳೆಸಿದ. 1824ರಲ್ಲಿ ಪ್ರಾಚೀನ ಕವಚಗಳನ್ನು ಕುರಿತ ಅವನ ಗ್ರಂಥವು ಮೂರು ಸಂಪುಟಗಳಲ್ಲಿ ಹೊರಬಂದಿತು. ಮುಂದೆ ಗೋಪುರದುರ್ಗದ ಅರಸರ ಸಾಲನ್ನು ಸರಿಪಡಿಸುವ ಕೆಲಸವೂ ಅವನಿಗೇ ಬಂತು. ತನ್ನ ಸಂಗ್ರಹಕ್ಕೆಂದೇ ಅವನು ಕಟ್ಟಿಸಿದ ಗುಡ್ರಿಚ್ ಕೋರ್ಟ್ ಎಂಬ ಭವನ 20ನೆಯ ಶತಮಾನದ ನಡುವಿನಲ್ಲಿ ನೆಲಸಮವಾಯಿತು. ಸಂಗ್ರಹದ ಒಂದು ಭಾಗ ಮಾತ್ರ ರಿಚರ್ಡ್ ವಾಲೇಸನ ಕೈಸೇರಿ, 1900ರಲ್ಲಿ ಸಾರ್ವಜನಿಕರಿಗೆ ತೆರೆದ ಲಂಡನ್ನಿನ ವಾಲೇಸ್ ಸಂಗ್ರಹಾಲಯದಲ್ಲಿ ಉಳಿದುಕೊಂಡಿತು.

ಪಂಡಿತನ ದಾರಿ ಒಂದಾದರೆ ಷೋಕಿಯ ದಾರಿ ಮತ್ತೊಂದು. ವಾಲ್ಟರ್ ಸ್ಕಾಟನ ಕಾದಂಬರಿಗಳನ್ನು ಓದಿ ಬೆಳೆದ ಪೀಳಿಗೆಗೆ ಮಧ್ಯಯುಗದ ವೀರರಂತೆ ತಾವೂ ಮೆರೆಯಬೇಕೆಂಬ ಬಯಕೆ ಹುಟ್ಟಿತು. 1839ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಕೋಟೆಯ ಬಳಿ ಅಲ್ಲಿನ ತರುಣ ಪ್ರಭುವು ಭಾರಿ ಖರ್ಚಿನಲ್ಲಿ ಪುರಾತನ ರೀತಿಯ ಭರ್ಜಿಕಾಳಗವೊಂದನ್ನು ಏರ್ಪಡಿಸಿದನು. ಲಂಡನ್ನಿನ ವ್ಯಾಪಾರಿ ಸಾಮ್ಯುಯೆಲ್ ಪ್ರಾಟ್ ಇದಕ್ಕೆ ಕವಚಗಳನ್ನು ಒದಗಿಸಿದ. ಜನ ಸಾಗರದಂತೆ ನೆರೆಯಿತು. ಮೊದಲ ದಿನವೇ ಮಳೆ ಧೋ ಎಂದು ಸುರಿದು ರಣರಂಗ ಕೆಸರಗದ್ದೆಯಾಯಿತು; ಪ್ರೇಕ್ಷಕರ ಕೊಡೆಗಳೇ ಎಲ್ಲೆಲ್ಲೂ ಕಂಡವು. ಪತ್ರಿಕೆಗಳು ನಕ್ಕವು. ಆದರೆ ಗೀಳು ಮಾತ್ರ ನೀರಿನಲ್ಲಿ ನೆನೆದು ಆರಲಿಲ್ಲ. ಕೊಳ್ಳುವವರು ಹೆಚ್ಚಿದರು, ಹಳೆಯ ಕವಚಗಳಾದರೋ ಇದ್ದಷ್ಟೇ. ಬೇಡಿಕೆ ಇದ್ದಲ್ಲಿ ಕಮ್ಮಾರನ ಸುತ್ತಿಗೆ ಸುಮ್ಮನಿರುತ್ತದೆಯೆ? ಹೊಸ ತಗಡನ್ನು ಬಡಿದು, ಆಮ್ಲದಿಂದ ತುಕ್ಕು ಹಿಡಿಸಿ, ನಾಲ್ಕು ಶತಮಾನಗಳ ವಯಸ್ಸನ್ನು ನಾಲ್ಕು ವಾರಗಳಲ್ಲಿ ತರಿಸುವ ಕೈಚಳಕವೂ ಬೆಳೆಯಿತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪ್ರತಿಕೃತಿ ಬೇರೆ, ಖೋಟಾ ಬೇರೆ. 19ನೆಯ ಶತಮಾನದ ಕೊನೆಯಲ್ಲಿ ಮ್ಯೂನಿಕ್ ನಗರದ ಅರ್ನ್ಸ್ಟ್ ಷ್ಮಿಟ್ ಎಂಬ ಕುಶಲಿಯ ಕಾರ್ಖಾನೆಯಲ್ಲಿ ಪ್ರಸಿದ್ಧ ಕವಚಗಳ ಅಚ್ಚುಕಟ್ಟಾದ ಪ್ರತಿಗಳು ತಯಾರಾಗುತ್ತಿದ್ದವು. ಅವನ್ನು ಪ್ರತಿಗಳೆಂದೇ ಮಾರುತ್ತಿದ್ದರು. ಇಂಥ ವಸ್ತು ಒಂದೆರಡು ತಲೆಮಾರು ಕೈಬದಲಾಗಿ, ಮೊದಲ ರಸೀದಿ ಕಳೆದುಹೋದ ಮೇಲೆ, ಯಾವನೋ ಒಬ್ಬನು ಅದನ್ನು ಅಸಲೆಂದು ಮಾರಿದರೆ ಅಂದಿನಿಂದ ಅದು ಖೋಟಾ ಆಗುತ್ತದೆ. ಲೋಹ ಬದಲಾಗಲಿಲ್ಲ, ಬದಲಾದದ್ದು ಮಾತು.

ಪ್ರಾಮಾಣಿಕವಾದ ಪ್ರತಿಕೃತಿ ಚರಿತ್ರೆಗೆ ಎಷ್ಟು ಉಪಕಾರ ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಬ್ಯಾಷ್‌ಫರ್ಡ್ ಡೀನ್ ಸಾಕ್ಷಿ. ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞನಾದ, ಮೀನುಗಳ ವಿಷಯದಲ್ಲಿ ದೊಡ್ಡ ವಿದ್ವಾಂಸನಾದ ಈತನಿಗೆ ಕವಚಗಳೆಂದರೆ ಪ್ರಾಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ 1912ರಲ್ಲಿ ಆಯುಧ ವಿಭಾಗ ಆರಂಭವಾದಾಗ ಅದರ ಹೊಣೆ ಅವನದಾಯಿತು. ಮೊದಲ ಮಹಾಯುದ್ಧಕ್ಕೆ ಹೊರಟ ಯೂರೋಪಿನ ಸಿಪಾಯಿಗಳಲ್ಲಿ ಬಹುಮಂದಿಯ ತಲೆಯ ಮೇಲೆ 1914ರಲ್ಲಿ ಬಟ್ಟೆಯ ಇಲ್ಲವೆ ತೊಗಲಿನ ಟೊಪ್ಪಿಗೆಯಿತ್ತೇ ಹೊರತು ಉಕ್ಕಿನ ರಕ್ಷೆಯಿರಲಿಲ್ಲ. ಗುಂಡಿನ ಚೂರುಗಳು ತಲೆಗೆ ತಾಗಿ ಸಾವಿರಾರು ಮಂದಿ ಸತ್ತ ಮೇಲೆ, 1915ರಲ್ಲಿ ಫ್ರೆಂಚರೂ ಬ್ರಿಟಿಷರೂ ಉಕ್ಕಿನ ಶಿರಸ್ತ್ರಾಣಕ್ಕೆ ಮರಳಿದರು. ಅಮೆರಿಕವು ಯುದ್ಧಕ್ಕಿಳಿದಾಗ ಡೀನ್ ಹಳೆಯ ಶಿರಸ್ತ್ರಾಣಗಳ ಆಕಾರವನ್ನು ಅಧ್ಯಯನಮಾಡಿ, ವಸ್ತುಸಂಗ್ರಹಾಲಯದ ಕಮ್ಮಾರನ ನೆರವಿನಿಂದ ಹೊಸ ಮಾದರಿಗಳನ್ನು ಸಿದ್ಧಪಡಿಸಿದ. ಆ ಅನುಭವವನ್ನು 1920ರಲ್ಲಿ ಗ್ರಂಥವಾಗಿಯೂ ಪ್ರಕಟಿಸಿದ. ಗೋಡೆಯ ಮೇಲಿನ ಅಲಂಕಾರವೆಂದು ಜನ ತಿಳಿದದ್ದು ಹುಡುಗರ ತಲೆ ಕಾಯುವ ವಿದ್ಯೆಯಾಗಿ ಪರಿಣಮಿಸಿತು.

ಇನ್ನು ಸಾಮಾನ್ಯ ಸಿಪಾಯಿಯ ವಿಚಾರ. ಅಧಿಕಾರಿಯ ಜರತಾರಿ ಅಂಗಿಯನ್ನು ಅವನ ಮನೆತನ ಪೆಟ್ಟಿಗೆಯಲ್ಲಿ ಕಾಪಾಡುತ್ತದೆ. ಸಿಪಾಯಿಯಾದರೋ ಅಂಗಿಯನ್ನು ಹರಿಯುವವರೆಗೆ ತೊಟ್ಟು ಬಿಸಾಡುತ್ತಾನೆ. ಹೀಗಾಗಿ ಅತ್ಯಂತ ಹೆಚ್ಚಾಗಿದ್ದ ಉಡುಪೇ ಅತ್ಯಂತ ಅಪರೂಪವಾಗುತ್ತದೆ. ಈ ಕೊರತೆಯನ್ನು ತುಂಬುವುದು ಪ್ರತಿಕೃತಿಯೇ. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವವೆಂದು 1961ರ ಜುಲೈಯಲ್ಲಿ ವರ್ಜೀನಿಯದ ಮನಾಸಸ್ ಬಯಲಿನಲ್ಲಿ ಹಳೆಯ ಕದನವನ್ನು ಮತ್ತೆ ಆಡಿ ತೋರಿಸಿದರು. ಆ ಕಾಲದ ಹವ್ಯಾಸಿಗಳಿಗೆ ಅಂಗಡಿಯ ಬಟ್ಟೆಯೇ ಸಾಕಾಗುತ್ತಿತ್ತು. ಬರಬರುತ್ತ ಉಣ್ಣೆಯ ನೇಯ್ಗೆ, ಗುಂಡಿಯ ಮನೆಯ ಕೈಹೊಲಿಗೆ, ಪಾದರಕ್ಷೆಯ ಮೊಳೆ ಎಲ್ಲವೂ ಅಸಲಿನಂತಿರಬೇಕೆಂದು ಪಟ್ಟುಹಿಡಿಯುವವರು ಹುಟ್ಟಿಕೊಂಡರು. ಬಿರುಬಿಸಿಲಿನಲ್ಲಿ ದಪ್ಪ ಉಣ್ಣೆಯ ಅಂಗಿ ತೊಟ್ಟು ಹತ್ತು ಮೈಲಿ ನಡೆದವನಿಗೆ, ಯಾವ ಪುಸ್ತಕವೂ ಹೇಳದ ಒಂದು ಸಂಗತಿ ಮೈಯಿಂದಲೇ ತಿಳಿಯುತ್ತದೆ. ಆದರೆ ತಿಳಿಯದೆ ಉಳಿಯುವುದೂ ಒಂದುಂಟು: ಸಂಜೆಗೆ ಮನೆಗೆ ಮರಳುವೆನೆಂಬ ಭರವಸೆ ಆ ಸಿಪಾಯಿಗೆ ಇರಲಿಲ್ಲ.

ಇಷ್ಟು ಹೊತ್ತು ಪರದೇಶದ ಮಾತಾಯಿತು. ಈ ಹವ್ಯಾಸದ ಪೇಟೆಯಲ್ಲಿ ನಮ್ಮ ನಾಡಿನ ಹೆಸರೂ ಬಹು ದೊಡ್ಡದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನನು ಮಡಿದನು. ಗೆದ್ದವರು ಅರಮನೆಯ ಸಂಪತ್ತನ್ನು ಹಂಚಿಕೊಂಡರು. ಸಿಂಹಾಸನವನ್ನೇ ಒಡೆದು ತುಂಡುಮಾಡಿದರು. ಯಂತ್ರದ ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ಇಂದು ಅದು ಅಲ್ಲಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಕತ್ತಿ, ಕೋವಿ, ಪಿಸ್ತೂಲುಗಳು ಎಷ್ಟೋ ಆಂಗ್ಲ ಮನೆತನಗಳ ಗೋಡೆಗಳನ್ನೇರಿದವು. ಈ ಆಯುಧಗಳ ಮೇಲೆ ಹುಲಿಯ ಪಟ್ಟೆಯ ಗುರುತುಂಟು. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವನ್ನು ಅವನ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಬರೆದಿದೆ. ಈ ರೂಢಿಯನ್ನರಿಯದವನು 1224 ಎಂಬುದನ್ನು 4221 ಎಂದು ಓದಿ ಬೆರಗಾದಾನು. ಗುರುತುಗಳನ್ನು ಓದಬಲ್ಲವನಿಗೇ ವಸ್ತು ಮಾತನಾಡುವುದು.

ರಾಬಿನ್ ವಿಗಿಂಗ್‌ಟನ್ ಎಂಬ ಆಂಗ್ಲ ಸಂಗ್ರಾಹಕ ಈ ಓದನ್ನೇ ತನ್ನ ಸಾಧನೆಯಾಗಿ ಮಾಡಿಕೊಂಡ. ಟಿಪ್ಪುವಿನ ಬಂದೂಕುಗಳನ್ನು ಕೂಡಿಸಿ, ಅವುಗಳ ವಿವರವನ್ನೆಲ್ಲ 1992ರಲ್ಲಿ ಪುಸ್ತಕರೂಪದಲ್ಲಿ ತಂದ. 2005ರಲ್ಲಿ ಆ ಸಂಗ್ರಹವು ಲಂಡನ್ನಿನಲ್ಲಿ ಹರಾಜಿಗೆ ಬಂತು. ಪಟ್ಟಣ ಬಿದ್ದಾಗ ಒಮ್ಮೆ ಚೆದರಿದ ವಸ್ತುಗಳಲ್ಲಿ ಕೆಲವು ಒಬ್ಬನ ಶ್ರದ್ಧೆಯಿಂದ ಒಂದೆಡೆ ಸೇರಿ, ಮತ್ತೆ ಹರಾಜುಕೂಗಿನ ಪಾಲಾದವು. ಚೆದರದೆ ನಿಂತದ್ದು ಪುಸ್ತಕ. 2023ರ ಮೇ ತಿಂಗಳಲ್ಲಿ, ಟಿಪ್ಪುವಿನ ಶಯನಾಗಾರದ್ದೆಂದು ಹೇಳಲಾದ, ಸೇನಾನಿ ಡೇವಿಡ್ ಬೇರ್ಡನಿಗೆ ಉಡುಗೊರೆಯಾಗಿ ಸಂದಿದ್ದ ಕತ್ತಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮೀರಿ ಮಾರಾಟವಾಯಿತು. ಅಷ್ಟು ಹಣ ತೆತ್ತದ್ದು ಬರಿಯ ಉಕ್ಕಿಗಲ್ಲ, ಹಿಡಿಯ ಚಿನ್ನಕ್ಕೂ ಅಲ್ಲ. ಅದರ ಜೊತೆಗೆ ಬಂದ ಕಥೆಗೆ. ವಿಷಾದವೆಂದರೆ ಆ ಕಥೆಯನ್ನು ಬರೆದಿಟ್ಟವರು ಗೆದ್ದವರು. ಅದೇ ದಿನ ಕೋಟೆಯ ಒಡಕಿನಲ್ಲಿ ಬಿದ್ದ ಮೈಸೂರಿನ ಸಿಪಾಯಿಯ ಕತ್ತಿಗೆ ಅಂಥ ಚೀಟಿಯನ್ನು ಯಾರೂ ಕಟ್ಟಲಿಲ್ಲ.

ಇದಕ್ಕೆ ಎದುರಾಗಿ ಶಿವಮೊಗ್ಗ ಜಿಲ್ಲೆಯ ನಗರದ ಕೋಟೆಯನ್ನು ನೋಡಬಹುದು. ಅಲ್ಲಿ 2018ರಲ್ಲಿ ಪಾಳುಬಾವಿಯೊಂದರ ಕೆಸರಿನಿಂದ 1000ಕ್ಕೂ ಹೆಚ್ಚು ಕಬ್ಬಿಣದ ಯುದ್ಧರಾಕೆಟ್ಟುಗಳು ಹೊರಬಂದವು. ಅವು ಮೈಸೂರು ಸೇನೆಯವೆಂದು ಪುರಾತತ್ವಜ್ಞರು ಗುರುತಿಸಿದರು. ನೋಡಲು ಅವೇನು ಚೆಂದ? ತುಕ್ಕು ತಿಂದ ಕೊಳವೆಗಳು. ಪೇಟೆಯಲ್ಲಿ ಬಿಡಿಯಾಗಿ ಸಿಕ್ಕಿದ್ದರೆ ಯಾರೂ ಲಕ್ಷಿಸುತ್ತಿರಲಿಲ್ಲ. ಯಾವ ಕೋಟೆ, ಯಾವ ಬಾವಿ, ಎಷ್ಟು ರಾಶಿ ಎಂಬುದು ತಿಳಿದಿರುವುದರಿಂದಲೇ ಅವು ಸಾಕ್ಷ್ಯವಾಗಿವೆ.

ಹೆಸರನ್ನು ತನ್ನ ಮೈಮೇಲೆಯೇ ಹೊತ್ತ ಸೈನಿಕ ವಸ್ತುವೂ ಒಂದಿದೆ. ಅದು ಪದಕ. ಮೊದಲ ಮಹಾಯುದ್ಧದ ಬ್ರಿಟಿಷ್ ಬೆಳ್ಳಿಪದಕದ ಅಂಚಿನಲ್ಲಿ ಸಿಪಾಯಿಯ ಸಂಖ್ಯೆ, ಹೆಸರು, ಪಡೆಗಳನ್ನು ಒತ್ತಿರುತ್ತಾರೆ. ಭಾರತೀಯ ಸಿಪಾಯಿಗಳ ಪದಕಗಳೂ ಹಾಗೆಯೇ. 1918ರ ಸೆಪ್ಟೆಂಬರಿನಲ್ಲಿ ಹೈಫಾ ನಗರಕ್ಕೆ ಲಗ್ಗೆಯಿಟ್ಟ ಪಡೆಗಳಲ್ಲಿ ಮೈಸೂರಿನ ಅಶ್ವದಳವೂ ಇತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅಂಗೈಯಲ್ಲಿ ಹಿಡಿಯಬಹುದಾದ ವೀರಗಲ್ಲು ಅದು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಇಂಥ ಪದಕಗಳು ಅಕ್ಕಸಾಲಿಗನ ಮೂಸೆಗೆ ಬಿದ್ದು ಕರಗಿವೆ. ಅಂಚನ್ನು ಉಜ್ಜಿ, ಸಾಮಾನ್ಯನ ಹೆಸರಳಿಸಿ, ಪ್ರಸಿದ್ಧನ ಹೆಸರು ಕೆತ್ತಿ ಮಾರುವವರೂ ಉಂಟು. ಇದು ಸತ್ತವನನ್ನು ಎರಡನೆಯ ಬಾರಿ ಸಾಯಿಸಿದಂತೆ.

ನಮ್ಮಲ್ಲಿ ಆಯುಧಪೂಜೆಯ ದಿನ, ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಹಳೆಯ ಕತ್ತಿ ಕೋವಿಗಳು ಹೂವು ಗಂಧ ಕಾಣುತ್ತವೆ. ಇದು ಯಾವ ಅಜ್ಜನದು, ಎಲ್ಲಿಂದ ಬಂತು ಎಂದು ಹೇಳುವ ಹಿರಿಯರು ಮನೆಯಲ್ಲಿರುವವರೆಗೂ ಆ ವಸ್ತು ಜೀವಂತ. ಅವರು ಹೋದ ಮರುದಿನ ಅದು ತೂಕಕ್ಕೆ ಮಾರುವ ಕಬ್ಬಿಣ. 1972ರ ಪುರಾತನ ವಸ್ತುಗಳ ಕಾಯಿದೆಯು ನೂರು ವರ್ಷ ಮೀರಿದ ವಸ್ತುಗಳನ್ನು ಖಾಸಗಿಯವರು ದೇಶದ ಹೊರಕ್ಕೆ ಸಾಗಿಸದಂತೆ ತಡೆಯುತ್ತದೆ, ನಿಜ. ಆದರೆ ಮನೆಯೊಳಗಿನ ಮರೆವನ್ನು ತಡೆಯುವ ಕಾಯಿದೆ ಇಲ್ಲ. ಹವ್ಯಾಸಿ ಮಾಡಬಹುದಾದ ಕೆಲಸ ಇರುವುದು ಅಲ್ಲಿಯೇ. ಕೊಂಡ ವಸ್ತುವಿನ ಜೊತೆಗೆ ಅದು ಯಾರಿಂದ, ಯಾವ ಊರಿನಿಂದ, ಯಾವ ಮಾತಿನೊಡನೆ ಬಂತೆಂದು ಬರೆದಿಡಬೇಕು; ಮಾಡಿಸಿದ್ದು ಪ್ರತಿಕೃತಿಯಾದರೆ ಅಳಿಸಲಾಗದಂತೆ ಅದರ ಮೇಲೆಯೇ ಹಾಗೆಂದು ಗುರುತು ಹಾಕಿಸಬೇಕು. ಇದಕ್ಕೆ ತಗಲುವ ವೆಚ್ಚ ಒಂದು ಹಾಳೆ, ನಾಲ್ಕು ಸಾಲಿನ ಶಾಯಿ. ಅಷ್ಟನ್ನು ಮಾಡದವನ ಮನೆಯಲ್ಲಿ ಸಾವಿರ ಕತ್ತಿಗಳಿದ್ದರೂ ಅದು ಉಗ್ರಾಣ. ಮಾಡಿದವನ ಬಳಿ ಒಂದೇ ಹಿತ್ತಾಳೆಯ ಗುಂಡಿಯಿದ್ದರೂ ಅದು ಚರಿತ್ರೆ.