ಮರಾಮತ್ತು ಮಾಡಿದವರ ಚರಿತ್ರೆ

ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ‘ಮರಮ್ಮತ್’ ಎಂಬ ಪದ ನಮಗೆ ಪರಿಚಯವಾಯಿತು. ಕನ್ನಡ ಶಾಲೆಗೆ ಬಂದ ಮೇಲೆ ಅದೇ ಪದ ‘ಮರಾಮತ್ತು’ ಎಂಬ ವೇಷದಲ್ಲಿ ಸರಕಾರಿ ಕಚೇರಿಯ ಹಳೆಯ ಬೋರ್ಡಿನ ಮೇಲೆ ಕಂಡಿತು. ಕೆಟ್ಟುಹೋದುದನ್ನು ಸರಿಪಡಿಸುವುದು ಎಂದಷ್ಟೇ ಅದರ ಅರ್ಥ. ಆದರೆ ಚರಿತ್ರೆಯ ಪುಸ್ತಕಗಳಲ್ಲಿ ಈ ಪದಕ್ಕೆ ಜಾಗ ಕಡಿಮೆ. ಕೋಟೆ ಕಟ್ಟಿಸಿದ ದೊರೆಯ ಹೆಸರು ನಮಗೆ ಬಾಯಿಪಾಠ. ಪ್ರತಿ ಮಳೆಗಾಲ ಕಳೆದ ಮೇಲೆ ಅದರ ಗೋಡೆಗೆ ಗಾರೆ ಮೆತ್ತಿದವನ ಹೆಸರು ಯಾರಿಗೂ ಗೊತ್ತಿಲ್ಲ. ಯಂತ್ರಗಳ ಚರಿತ್ರೆಯೂ ಹೀಗೆಯೇ. ಇದನ್ನು ಒಂದು ಜಪಾನಿ ಕಾರಿನ ಕತೆಯ ಮೂಲಕ ನೋಡಬಹುದು.

ಡಾಟ್ಸನ್ ಎಂಬ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. 2014ರಲ್ಲಿ ‘ಡಾಟ್ಸನ್ ಗೋ’ ಎಂಬ ಸಣ್ಣ ಕಾರು ನಮ್ಮ ರಸ್ತೆಗಳಿಗೆ ಬಂತು. 2022ರಲ್ಲಿ ಆ ಹೆಸರನ್ನು ನಿಸ್ಸಾನ್ ಕಂಪೆನಿ ಭಾರತದಲ್ಲಿ ಕೈಬಿಟ್ಟಿತು. ಆದರೆ ಹೆಸರು ಬಹಳ ಹಳೆಯದು. ಡೆನ್, ಅಓಯಾಮ, ತಕೆಉಚಿ ಎಂಬ ಮೂವರು ಹಣ ಹಾಕಿ ನೆರವಾದ ಕಾರಿಗೆ ಅವರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಡಾಟ್’ ಎಂದು ಹೆಸರಿಟ್ಟಿದ್ದರು. 1931ರಲ್ಲಿ ಬಂದ ಸಣ್ಣ ಕಾರು ಅದರ ಮಗನೆಂಬ ಅರ್ಥದಲ್ಲಿ ‘ಡಾಟ್‌ಸನ್’ ಆಯಿತು. ಜಪಾನಿ ಭಾಷೆಯಲ್ಲಿ ‘ಸೋನ್’ ಎಂದರೆ ನಷ್ಟ. ವ್ಯಾಪಾರದ ಹೆಸರಿನಲ್ಲೇ ನಷ್ಟವೇಕೆಂದು ಮಗನನ್ನು ಬಿಟ್ಟು, ಸೂರ್ಯ ಎಂಬ ಅರ್ಥ ಬರುವ ಇಂಗ್ಲಿಷ್ ಪದವನ್ನು ಸೇರಿಸಿಕೊಂಡರು.

ನಾವು ಹೇಳಹೊರಟ ಕಾರು ಹುಟ್ಟಿದ್ದು 1969ರಲ್ಲಿ. ಜಪಾನಿನಲ್ಲಿ ಅದರ ಹೆಸರು ‘ಫೇರ್‌ಲೇಡಿ ಝಡ್’. ಅಮೆರಿಕದಲ್ಲಿ ನಿಸ್ಸಾನ್ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಯುತಾಕ ಕತಯಾಮ. 1909ರಲ್ಲಿ ಹುಟ್ಟಿದ ಈ ಮನುಷ್ಯನನ್ನು ಕಂಪೆನಿ 1960ರಲ್ಲಿ ಅಮೆರಿಕಕ್ಕೆ ಕಳುಹಿಸಿತ್ತು. ‘ಸುಂದರ ಮಹಿಳೆ’ ಎಂಬ ಹೆಸರಿನ ಸ್ಪೋರ್ಟ್ಸ್ ಕಾರನ್ನು ಅಮೆರಿಕದ ಗಂಡಸರು ಕೊಳ್ಳಲಾರರೆಂದು ಅವರಿಗೆ ಅನ್ನಿಸಿತು. ಬಂದಿಳಿದ ಕಾರುಗಳಿಂದ ಆ ಹೆಸರಿನ ಬಿಲ್ಲೆ ಕೀಳಿಸಿ ‘240 ಝಡ್’ ಎಂದು ಹಾಕಿಸಿದರೆಂಬುದು ಪ್ರಸಿದ್ಧ ಕತೆ. 2.4 ಲೀಟರಿನ, ಆರು ಸಿಲಿಂಡರಿನ ಎಂಜಿನ್; ಬೆಲೆ 3,526 ಡಾಲರ್. ಯುರೋಪಿನ ಸ್ಪೋರ್ಟ್ಸ್ ಕಾರುಗಳ ಕನಸು ಕಾಣುತ್ತಿದ್ದ ಸಾಮಾನ್ಯ ನೌಕರನ ಕೈಗೂ ಎಟುಕುವ ಬೆಲೆ. 1978ರವರೆಗೆ ಈ ಮಾದರಿಯ ಕಾರುಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಕತಯಾಮರನ್ನು ಕಂಪೆನಿ 1977ರಲ್ಲಿ ಅಮೆರಿಕದಿಂದ ಹಿಂದಕ್ಕೆ ಕರೆಸಿಕೊಂಡಿತು. ಅವರು 105 ವರ್ಷ ಬಾಳಿ 2015ರಲ್ಲಿ ತೀರಿಕೊಂಡರು.

ಕಾರನ್ನು ರೂಪಿಸಿದವರ ಹೆಸರಿಗೂ ಒಂದು ಕತೆಯಿದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವಿನ್ಯಾಸಕಾರ ಆಲ್ಬ್ರೆಕ್ಟ್ ಗೋರ್ಟ್ಸ್ ಕೆಲಕಾಲ ನಿಸ್ಸಾನಿಗೆ ಸಲಹೆಗಾರರಾಗಿದ್ದರು. ಝಡ್ ಕಾರು ಅವರ ಕಲ್ಪನೆಯೆಂದು ಪತ್ರಿಕೆಗಳು ಬಹಳ ವರ್ಷ ಬರೆದವು. ನಿಜವಾಗಿ ಆ ಕೆಲಸ ಮಾಡಿದ್ದು ಯೋಶಿಹಿಕೊ ಮತ್ಸುಓ ಮತ್ತು ಅವರ ತಂಡ. ದುಡಿದವನ ಹೆಸರು ಹಿಂದೆ ಉಳಿದು, ಹೆಸರುವಾಸಿಯಾದವನ ಹೆಸರು ಮುಂದೆ ಬರುವುದು ಚರಿತ್ರೆಯ ಹಳೆಯ ಚಾಳಿ. ಹಾಗಿರುವಾಗ ಮನೆಯ ಹಿಂದಿನ ಶೆಡ್ಡಿನಲ್ಲಿ ಕುಳಿತು ಆ ಕಾರನ್ನು ಉಳಿಸಿದವರ ಹೆಸರು ಯಾರು ಬರೆದಾರು?

ಉಳಿಸುವ ಪ್ರಸಂಗ ಬಂದದ್ದು ತುಕ್ಕಿನಿಂದ. ಅಂದಿನ ಜಪಾನಿ ಕಾರುಗಳ ತಗಡು ತೆಳು. ತುಕ್ಕು ತಡೆಯುವ ಲೇಪನ ಸಾಲದು. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಕಾರಿನ ಅಡಿಗೆ ಹತ್ತಿ, ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಕಾಲಿಡುವ ನೆಲದಲ್ಲಿ, ಹಿಂಚಕ್ರದ ಮುಂದಿನ ಮೂಲೆಯಲ್ಲಿ ಗೆದ್ದಲಿನಂತೆ ತಿನ್ನತೊಡಗಿತು. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಲೋಹ ಪುಡಿಯಾಗುತ್ತಿತ್ತು. ಎಷ್ಟೋ ಕಾರುಗಳು ಗುಜರಿ ಸೇರಿದವು.

ಮಿಕ್ಕವನ್ನು ಮನೆಗೆ ಎಳೆದು ತಂದವರು ದೊಡ್ಡ ಶ್ರೀಮಂತರಲ್ಲ. ವಾರವಿಡೀ ಬೇರೆ ಕೆಲಸ ಮಾಡಿ, ರಜೆಯ ದಿನ ಮೈಗೆ ಗ್ರೀಸು ಬಳಿದುಕೊಂಡವರೇ ಹೆಚ್ಚು. ಕೊಳೆತ ತಗಡನ್ನು ಒಳ್ಳೆಯ ಲೋಹ ಸಿಗುವವರೆಗೂ ಕತ್ತರಿಸಬೇಕು, ಹೊಸ ತುಂಡನ್ನು ಅಳತೆಗೆ ಬಗ್ಗಿಸಿ ವೆಲ್ಡ್ ಮಾಡಬೇಕು. ನಮ್ಮ ಊರಿನ ಟಿಂಕರಿಂಗ್ ಉಸ್ತಾದರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದು ಮರಾಮತ್ತಲ್ಲ, ಮೋಸ ಎಂದು ಅವರಿಗೂ ಗೊತ್ತು.

ಈ ಕಾರಿಗೆ ಎರಡು ಕಾರ್ಬುರೇಟರುಗಳು. ಎರಡೂ ಸಮನಾಗಿ ಗಾಳಿ ಎಳೆಯದಿದ್ದರೆ ಎಂಜಿನ್ ಕುಂಟುತ್ತದೆ. ಹಳೆಯ ಕೈಗಳು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಮೊದಲು ಒಂದು ಕಾರ್ಬುರೇಟರಿನ ಬಾಯಿಗೆ, ಆಮೇಲೆ ಮತ್ತೊಂದಕ್ಕೆ ಹಿಡಿಯುತ್ತವೆ. ಎರಡರ ಬುಸುಗುಟ್ಟುವಿಕೆ ಒಂದೇ ಆಗುವ ತನಕ ತಿರುಪು ತಿರುಗಿಸಬೇಕು. ಎಂಜಿನ್ ಬಿಸಿಯಿರುವಾಗಲೇ ವಾಲ್ವುಗಳ ಸಂದು ಅಳೆಯಬೇಕು: ಗಾಳಿ ಒಳಬರುವ ಕಡೆ 0.25 ಮಿಲಿಮೀಟರ್, ಹೊಗೆ ಹೊರಹೋಗುವ ಕಡೆ 0.30. ಹಿಂಬಾಗಿಲ ಸುತ್ತಲಿನ ರಬ್ಬರ್ ಒಣಗಿದ್ದರೆ ಕಾರು ಓಡುವಾಗ ಹೊಗೆ ಹಿಂದಿನಿಂದ ಒಳಗೆ ಸೆಳೆಯಲ್ಪಡುತ್ತದೆ, ಅದು ಅಪಾಯ. ಹೀಗೆ ಒಂದೊಂದು ಅಂಗದ ಗುಣವನ್ನು ಅರಿತವನಿಗೆ ಮಾತ್ರ ಕಾರು ಮಾತು ಕೇಳುತ್ತದೆ.

ಕಂಪೆನಿಗಿಂತ ಮಾಲೀಕರೇ ಜಾಣರಾದ ಪ್ರಸಂಗವೂ ಇದೆ. ಅಮೆರಿಕದ ಹೊಗೆ ನಿಯಮಗಳಿಗೆ ಹೊಂದಲೆಂದು 1973ರ ಕಾರುಗಳಿಗೆ ಬೇರೆ ಬಗೆಯ, ಚಪ್ಪಟೆ ತಲೆಯ ಕಾರ್ಬುರೇಟರುಗಳನ್ನು ಹಾಕಿದರು. ಬಿಸಿಯಾದಾಗ ಅವು ಹಠ ಮಾಡುತ್ತಿದ್ದವು. ಅನೇಕರು ಅವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಗುಜರಿಯಿಂದ ಹಳೆಯ ದುಂಡು ತಲೆಯವನ್ನೇ ಹುಡುಕಿ ತಂದು ಹಾಕಿದರು.

ತವರುಮನೆಯಾದ ಜಪಾನಿನಲ್ಲಂತೂ ಹಳೆಯ ಕಾರು ಇಟ್ಟುಕೊಳ್ಳುವುದು ಇನ್ನೂ ಕಷ್ಟ. ಅಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯಿದೆ. ಹತ್ತು ವರ್ಷ ದಾಟಿದ ಸ್ವಂತ ಕಾರನ್ನು ಹಿಂದೆ ಪ್ರತಿ ವರ್ಷ ತಪಾಸಣೆಗೆ ಒಯ್ಯಬೇಕಿತ್ತು. 1995ರ ನಂತರ ಅದು ಎರಡು ವರ್ಷಕ್ಕೊಮ್ಮೆ ಆಯಿತು. ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ತೆರಿಗೆಯೂ ಹೆಚ್ಚು. ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳಿ ಎಂದು ಕಾನೂನೇ ಕಿವಿಯಲ್ಲಿ ಹೇಳಿದಂತೆ. ಪರಿಸರದ ದೃಷ್ಟಿಯಿಂದ ಅದರಲ್ಲಿ ನ್ಯಾಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೂ ಕೆಲವರು ಹೆಚ್ಚಿನ ತೆರಿಗೆ ಕಟ್ಟಿ, ತಪಾಸಣೆಗೆ ತಾವೇ ಕಾರು ಓಡಿಸಿಕೊಂಡು ಹೋಗಿ, ಅದನ್ನು ಬದುಕಿಸಿಕೊಂಡರು.

ಕೊನೆಗೆ ಕಂಪೆನಿಯೇ ಇವರ ಬಾಗಿಲಿಗೆ ಬಂತು. 1996ರಲ್ಲಿ ಅಮೆರಿಕದಲ್ಲಿ ಝಡ್ ಕಾರಿನ ಮಾರಾಟ ನಿಂತಿತ್ತು. ಮರುವರ್ಷ ನಿಸ್ಸಾನ್ ಒಂದಿಷ್ಟು ಹಳೆಯ 240 ಝಡ್ ಕಾರುಗಳನ್ನು ಕೊಂಡು, ಬಿಚ್ಚಿ ಸರಿಪಡಿಸಿ, ಸುಮಾರು 25,000 ಡಾಲರಿಗೆ ಒಂದರಂತೆ ತನ್ನ ಷೋರೂಮುಗಳಲ್ಲೇ ಮಾರಿತು. 2002ರಲ್ಲಿ ಹೊಸ ಝಡ್ ಕಾರು ಬಂತು. ಮುಂದೆ ಉಳಿದ ಕಂಪೆನಿಗಳೂ ಇದೇ ದಾರಿ ಹಿಡಿದವು. ಮಜ್ದಾ ತನ್ನ ಮೊದಲ ರೋಡ್‌ಸ್ಟರ್ ಕಾರುಗಳ ಮರಾಮತ್ತನ್ನು 2017ರಲ್ಲಿ ತಾನೇ ವಹಿಸಿಕೊಂಡಿತು. ಟೊಯೊಟಾ 2020ರಲ್ಲಿ ಹಳೆಯ ಸುಪ್ರಾ ಕಾರಿನ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಮೂವತ್ತು ವರ್ಷ ಕಾವಲು ಕಾದವರು ಒಬ್ಬರು, ಪರಂಪರೆ ನಮ್ಮದು ಎಂದವರು ಇನ್ನೊಬ್ಬರು.

ಪರಂಪರೆಯಾದ ಮೇಲೆ ಬೆಲೆ ಏರದೆ ಇರುತ್ತದೆಯೇ? 2020ರಲ್ಲಿ 1970ನೇ ಇಸವಿಯ ಒಂದು 240 ಝಡ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಸಾಮಾನ್ಯನಿಗೆ ಎಟುಕಲೆಂದು ಹುಟ್ಟಿದ ಕಾರು, ಸಾಮಾನ್ಯನೇ ಕಾಪಾಡಿದ ಕಾರು, ಈಗ ಸಾಮಾನ್ಯನ ಕೈ ಮೀರುತ್ತಿದೆ. ಕೊಂಡವರಲ್ಲಿ ಕೆಲವರು ಅದನ್ನು ಓಡಿಸುವುದೂ ಇಲ್ಲ. ಬೀರುವಿನಲ್ಲಿಟ್ಟ ಚಿನ್ನದಂತೆ ಇಡುತ್ತಾರೆ.

ಇಂಥ ಕಾರುಗಳ ಬಗ್ಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ನೆಲದ ತಗಡು ಹೊಸದು, ರಬ್ಬರ್ ಹೊಸದು, ಬಣ್ಣ ಹೊಸದು; ಇನ್ನು ಇದರಲ್ಲಿ ‘ಅಸಲಿ’ ಎಷ್ಟು? ವ್ಯಾಪಾರಿ ಚಾಸಿಯ ನಂಬರ್ ನೋಡಿ ಉತ್ತರ ಹೇಳುತ್ತಾನೆ. ನಮಗೆ ಅನ್ನಿಸುವುದು ಬೇರೆ. ಮೊಮ್ಮಗಳು ಅಜ್ಜಿಯ ಕೌದಿಗೆ ಹೊಸ ತುಂಡು ಹೊಲಿದರೆ ಅದು ಅಜ್ಜಿಯ ಕೌದಿಯಾಗಿಯೇ ಉಳಿಯುತ್ತದೆ, ಏಕೆಂದರೆ ಹೊಲಿಗೆ ನಿಂತಿಲ್ಲ. ಕಾರಿನಲ್ಲಿ ಅಸಲಿಯಾಗಿ ಉಳಿದು ಬಂದದ್ದು ತಗಡಲ್ಲ, ಅದನ್ನು ತಟ್ಟುವ ವಿದ್ಯೆ. ಕೊಳವೆಯನ್ನು ಕಿವಿಗಿಟ್ಟು ಎರಡು ಉಸಿರುಗಳನ್ನು ಒಂದು ಮಾಡುವ ಆ ವಿದ್ಯೆಯನ್ನು ಹರಾಜಿನಲ್ಲಿ ಕೊಳ್ಳಲಾಗುವುದಿಲ್ಲ. ಬಲ್ಲವನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಹುಡುಗನಿಗೆ ಮಾತ್ರ ಅದು ದಕ್ಕುತ್ತದೆ. ಆ ಹುಡುಗ ನಿಲ್ಲುವ ಶೆಡ್ಡು ಮುಚ್ಚಿಹೋದರೆ, ಎಷ್ಟು ಹೊಳೆಯುವ ಕಾರಾದರೂ ಕಾಲಕ್ರಮದಲ್ಲಿ ಗುಜರಿಯೇ.